ಎಂಟು ಮೈಕಿನ ಯುಎಸ್‌ಬಿ ಇಂಟರ್ಫೇಸು, ಜೊತೆಗೊಂದು ಎಡ್ಯಾಟ್ ಪ್ರೀಆಂಪು: ಸೌಂಡ್ ಚೆನ್ನಾಗಿದೆ, ಕ್ಲಾಕ್ ಮಾತ್ರ ತಲೆನೋವು

ಕಂಪನಿ ಹೆಸರು ಹಾಕ್ತಾ ಇಲ್ಲ. ಈ ರೇಟಿಗೆ ಸಿಗೋ ಇಂಥ ಡಬ್ಬಗಳದ್ದೆಲ್ಲ ಹೆಚ್ಚುಕಮ್ಮಿ ಇದೇ ಕಥೆ, ಹಾಗಾಗಿ ಹೆಸರು ಅಷ್ಟು ಮುಖ್ಯನೂ ಅಲ್ಲ. ನಾನು ಜಾಸ್ತಿ ಮಾಡೋದು ತಾಳಮದ್ದಲೆ ರೆಕಾರ್ಡಿಂಗು, ಆಗೀಗ ಸಂಗೀತ ಕಚೇರಿ. ತಾಳಮದ್ದಲೆ ಅಂದ್ರೆ ಭಾಗವತರಿಗೆ ಒಂದು, ಮದ್ದಲೆಗೆ ಎರಡು, ಚೆಂಡೆಗೆ ಒಂದು, ಶ್ರುತಿಗೆ ಒಂದು, ಅರ್ಥಧಾರಿಗಳು ಐದಾರು ಜನ ಕೂತ್ರೆ ಅಲ್ಲಿಗೇ ಎಂಟು ದಾಟೋಯ್ತು. ಅದಕ್ಕೇ ಇಂಟರ್ಫೇಸ್ (ಮೈಕ್ ಸೌಂಡನ್ನ ಡಿಜಿಟಲ್ ಮಾಡಿ ಕಂಪ್ಯೂಟರ್‌ಗೆ ಕಳಿಸೋ ಡಬ್ಬ) ಜೊತೆಗೆ ಇನ್ನೊಂದು ಎಂಟು ಚಾನೆಲ್ ಪ್ರೀಆಂಪ್ (ಮೈಕ್ ಸಿಗ್ನಲ್ ದೊಡ್ಡದು ಮಾಡೋ ಡಬ್ಬ) ತಗೊಂಡು ಆಪ್ಟಿಕಲ್ ಕೇಬಲ್‌ನಲ್ಲಿ ಸೇರಿಸ್ಕೊಂಡಿದೀನಿ, ಹೀಗೆ ಎಂಟು ಚಾನೆಲ್ ಒಂದೇ ಕೇಬಲ್‌ನಲ್ಲಿ ಕಳಿಸೋದಕ್ಕೇ ಎಡ್ಯಾಟ್ ಅನ್ನೋದು. ಎರಡೂ ವರ್ಷಗಟ್ಟಲೆ ಕಾರ್ ಡಿಕ್ಕಿಯಲ್ಲಿ ಓಡಾಡಿವೆ, ಒಂದು ನಾಬ್ ಸಡಿಲ ಆಗಿದ್ದು ಬಿಟ್ರೆ ಗಟ್ಟಿಮುಟ್ಟಾಗೇ ಇವೆ.

ಸೌಂಡ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಪ್ರೀಆಂಪ್ ಕ್ಲೀನ್, ಮೆಲ್ಲಗೆ ಮಾತಾಡೋ ಅರ್ಥಧಾರಿಗೂ ಗೇನ್ ಸಾಕಾಗತ್ತೆ, ಚೆಂಡೆ ಎದುರಿಗಿದ್ರೆ ಪ್ಯಾಡ್ (ಸಿಗ್ನಲ್ ತಗ್ಗಿಸೋ ಬಟನ್) ಒತ್ತಿ ಅಷ್ಟೇ.

ತಲೆನೋವು ಇರೋದು ಕ್ಲಾಕಲ್ಲಿ, ಅಂದ್ರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ (ಸೌಂಡಿನ ಒಂದೊಂದು ಅಳತೆ) ತಗೋಬೇಕು ಅಂತ ತಾಳ ಹಾಕೋ ಒಳಗಿನ ಗಡಿಯಾರದಲ್ಲಿ. ಎರಡು ಡಿಜಿಟಲ್ ಡಬ್ಬ ಸೇರಿಸಿದ್ಮೇಲೆ ಒಂದೇ ಯಜಮಾನ ಇರ್ಬೇಕು, ಹಿಮ್ಮೇಳದಲ್ಲಿ ಜಾಗಟೆ ಭಾಗವತರ ಕೈಲಿ ಮಾತ್ರ ಇರೋ ಹಾಗೆ. ಎರಡನ್ನೂ ಇಂಟರ್ನಲ್‌ಗೆ (ತಂತಮ್ಮ ಕ್ಲಾಕಿಗೆ) ಬಿಟ್ರೆ ಎರಡೂ 48 (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್) ಅಂತಲೇ ತೋರಿಸ್ತವೆ, ಆದ್ರೆ ಒಳಗಿರೋ ಕ್ರಿಸ್ಟಲ್‌ಗಳು ಒಂದೇ ಥರ ಇರಲ್ವಲ್ಲ, ಒಂದು ಸೆಕೆಂಡಿಗೆ 48,000 ಎಣಿಸಿದ್ರೆ ಇನ್ನೊಂದು 48,001 ಎಣಿಸತ್ತೆ, ಆ ಹೆಚ್ಚಿಗೆ ಬಂದ ಒಂದು ಸ್ಯಾಂಪಲ್‌ಗೆ ಜಾಗ ಇಲ್ದೆ ಅದು ಬಿದ್ದೋಗತ್ತೆ, ಅದೇ 'ಟಿಕ್'. ಚೆಂಡೆ ಬಡೀತಾ ಇರೋವಾಗ ಕೇಳ್ಸೋದೇ ಇಲ್ಲ, ಮನೆಗೆ ಬಂದು ಶ್ರುತಿ ಚಾನೆಲ್ ಸೋಲೋ ಮಾಡಿದ್ರೆ ಸೆಕೆಂಡಿಗೊಂದು ಟಿಕ್, ಟಿಕ್, ಟಿಕ್.

ತುಂಬಾ ಜನ ಇದನ್ನ ಬಫರ್ (ಕಂಪ್ಯೂಟರ್ ಒಂದ್ಸಲಕ್ಕೆ ತಗೊಳ್ಳೋ ಸ್ಯಾಂಪಲ್ ಕಂತು) ಪ್ರಾಬ್ಲಂ ಅನ್ಕೊಂಡು ಲ್ಯಾಪ್‌ಟಾಪ್‌ಗೆ ಬೈತಾರೆ. ಗುರುತು ಹಿಡಿಯೋದು ಸುಲಭ: ಬಫರ್ 128 ಇದ್ದಿದ್ದನ್ನ 1024 ಮಾಡಿ ನೋಡಿ. ಟಿಕ್ ಹೋಯ್ತು ಅಂದ್ರೆ ಕಂಪ್ಯೂಟರ್‌ದು ತಪ್ಪು. ಒಂಚೂರೂ ಬದಲಾಗ್ಲಿಲ್ಲ, ಅದೂ ಆಪ್ಟಿಕಲ್‌ನಿಂದ ಬರೋ 9ರಿಂದ 16ರ ಚಾನೆಲ್‌ಗಳಲ್ಲಿ ಮಾತ್ರ ಇದೆ ಅಂದ್ರೆ ಕಣ್ಮುಚ್ಚಿ ಹೇಳ್ಬಹುದು, ಕ್ಲಾಕೇ.

ಒಂದೇ ಆಪ್ಟಿಕಲ್ ಕೇಬಲ್ ಇದ್ರೆ ಕ್ಲಾಕ್ ಹೋಗೋದೂ ಆಡಿಯೋ ಹೋಗೋ ದಿಕ್ಕಲ್ಲೇ. ಅಂದ್ರೆ ಪ್ರೀಆಂಪ್ ಇಂಟರ್ನಲ್, ಇಂಟರ್ಫೇಸ್ 'ಎಡ್ಯಾಟ್'ಗೆ. ಇಂಟರ್ಫೇಸೇ ಯಜಮಾನ ಆಗ್ಬೇಕು ಅಂದ್ರೆ ವಾಪಸ್ ಹೋಗೋಕೆ ಇನ್ನೊಂದು ಆಪ್ಟಿಕಲ್ ಬೇಕು, ಇಲ್ಲಾಂದ್ರೆ ಬಿಎನ್‌ಸಿ ವರ್ಡ್ ಕ್ಲಾಕ್ ಕೇಬಲ್ (ಕ್ಲಾಕ್ ಮಾತ್ರ ಒಯ್ಯೋ ವೈರು). ಬಿಎನ್‌ಸಿ ತಗೊಂಡ್ರೆ 75 ಓಮ್‌ದೇ ತಗೊಳ್ಳಿ, ಸಿಸಿಟಿವಿಗೆ ಹಾಕೋ ಆರ್‌ಜಿ-59 ಸರಿಯಾಗತ್ತೆ, ನೋಡೋಕೆ ಅದೇ ಥರ ಇರೋ 50 ಓಮ್‌ ಆರ್‌ಜಿ-58 ಬೇಡ. ಬೆಂಗಳೂರಲ್ಲಿದ್ರೆ ಎಸ್‌.ಪಿ. ರೋಡಲ್ಲಿ ಎರಡೂ ಸಿಗತ್ತೆ, ವೈರ್ ಮೇಲೆ ಪ್ರಿಂಟ್ ಓದಿ ತಗೊಳ್ಳಿ.

ಈಗ ನನ್ನ ನಿಜವಾದ ಕಂಪ್ಲೇಂಟು. ಈ ಇಂಟರ್ಫೇಸ್‌ಗೆ ಕರೆಂಟ್ ಹೋಗಿ ಬಂದ್ರೆ ಕ್ಲಾಕ್ ಸೆಟ್ಟಿಂಗ್ ಮರೆತೋಗತ್ತೆ, ಸುಮ್ನೆ ಇಂಟರ್ನಲ್‌ಗೆ ಬಂದು ಕೂತಿರತ್ತೆ. ಮುಂದಗಡೆ ಲಾಕ್ ಅಂತ ಒಂದು ಪುಟ್ಟ ಲೈಟು, ಇಂಟರ್ನಲ್‌ನಲ್ಲಿದ್ರೂ ಹಸಿರು, ಎಡ್ಯಾಟ್‌ಗೆ ಲಾಕ್ ಆದ್ರೂ ಹಸಿರು! ಯಾವ ಪುಣ್ಯಾತ್ಮ ಇದನ್ನ ಡಿಸೈನ್ ಮಾಡಿದ್ನೋ. ನಮ್ಮ ಕಡೆ ಮಳೆಗಾಲದ ತಾಳಮದ್ದಲೆಯಲ್ಲಿ ಕರೆಂಟ್ ಹೋಗದೇ ಇರೋ ರಾತ್ರಿ ಉಂಟಾ? ಈಗ ಚಿಕ್ಕ ಯುಪಿಎಸ್ ಇಲ್ದೆ ಹೊರಗಡೆ ಹೋಗೋದೇ ಇಲ್ಲ. ಸಪೋರ್ಟ್‌ಗೆ ಬರೆದ್ರೆ ಡ್ರೈವರ್ ರೀಇನ್‌ಸ್ಟಾಲ್ ಮಾಡಿ ಅಂತ ಉತ್ತರ ಬಂತು, ಮಾಡಿದೆ, ಏನೂ ಆಗ್ಲಿಲ್ಲ.

ಇನ್ನೊಂದು, ಇದು ಮೊದಲನೇದಕ್ಕಿಂತ ಅಪಾಯ. ಹೊರಗಿಂದ 48ರ ಕ್ಲಾಕ್ ಬರ್ತಾ ಇದೆ, ಸಾಫ್ಟ್‌ವೇರ್ 44.1ರಲ್ಲಿದೆ ಅಂದ್ರೆ ಡ್ರೈವರ್ ಬೊಬ್ಬೆ ಹಾಕ್ಬೇಕು ತಾನೇ? ಇದು ಹಾಕಲ್ಲ. ರೆಕಾರ್ಡ್ ಆಗತ್ತೆ, ಟಿಕ್ ಸಹ ಇರಲ್ಲ, ಆದ್ರೆ ಫೈಲ್ ಮೇಲೆ 44.1 ಅಂತ ಹೆಸರು, ಒಳಗಿರೋದು 48. ಪ್ಲೇ ಮಾಡಿದ್ರೆ ಒಂದು ಗಂಟೆದು 65 ನಿಮಿಷ 18 ಸೆಕೆಂಡ್ ಓಡತ್ತೆ, ಶ್ರುತಿ ಸುಮಾರು ಒಂದೂವರೆ ಮನೆ (ಹಾರ್ಮೋನಿಯಂ ಕೀ) ಕೆಳಗೆ. ಭಾಗವತರು ಹಾಡಿದ್ದು ಕಪ್ಪು ಒಂದರಲ್ಲಿ, ಸ್ಪೀಕರಲ್ಲಿ ಬರೋದು ಬಿಳಿ ಏಳಕ್ಕೂ ಬಿಳಿ ಒಂದಕ್ಕೂ ಮಧ್ಯ, ಹಾರ್ಮೋನಿಯಂ ಮೇಲೆ ಹುಡುಕಿದ್ರೆ ಅಲ್ಲಿ ಮನೆಯೇ ಇಲ್ಲ. ಹೀಗೆ ಎರಡು ಮನೆ ನಡುವೆ ನೇತಾಡ್ತಾ ಇದೆ ಅಂದ್ರೆ ಮೊದಲು 44.1-48 ಗಲಾಟೆ ಇದೆಯಾ ನೋಡಿ, ಭಾಗವತರ ಗಂಟಲು ಕೂತಿತ್ತಾ ಅಂತ ಆಮೇಲೆ ಕೇಳಿ.

ಫೈಲ್ ಹಾಳಾಗಿಲ್ಲ, ಗಾಬರಿ ಬೇಡ. ಪಿಚ್ ಶಿಫ್ಟ್ ಅದೂ ಇದೂ ಹಾಕೋಕೆ ಹೋಗ್ಬೇಡಿ, ರೀಸ್ಯಾಂಪಲ್ಲೂ ಬೇಡ. ಆಡಾಸಿಟಿ ಸಾಫ್ಟ್‌ವೇರಲ್ಲಿ ಟ್ರ್ಯಾಕ್ ಮೆನುವಿನಲ್ಲಿ ರೇಟ್ ಅಂತಿರತ್ತೆ, ಅಲ್ಲಿ 48000 ಮಾಡಿ, ಪ್ರಾಜೆಕ್ಟ್ ರೇಟೂ 48000 ಇಟ್ಟು ಎಕ್ಸ್‌ಪೋರ್ಟ್ ಮಾಡಿ, ಶ್ರುತಿ ಸೀದಾ ಜಾಗಕ್ಕೆ ಬರತ್ತೆ.

ವಿಂಡೋಸ್‌ನವರಿಗೆ ಇನ್ನೊಂದು ಕಾಟ. ಪ್ರಾಜೆಕ್ಟ್ ಓಪನ್ ಇದ್ದಾಗಲೇ ಬ್ರೌಸರಲ್ಲಿ ಯಾವ್ದೋ ವಿಡಿಯೋ ಹಾಕಿದ್ರೆ ಈ ಡ್ರೈವರ್ ತನ್ನಷ್ಟಕ್ಕೆ ರೇಟ್ ಬದಲಾಯಿಸ್ಬಿಡತ್ತೆ. ಸೌಂಡ್ ಸೆಟ್ಟಿಂಗ್‌ನ ಡೀಫಾಲ್ಟ್ ಫಾರ್ಮ್ಯಾಟೂ 48 ಮಾಡಿಡಿ, ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ಆದ್ರೆ ಆಡಿಯೋ ಡಿವೈಸ್ ಪೇಜಲ್ಲಿ ರಿಕ್ವೆಸ್ಟ್ ಸ್ಯಾಂಪಲ್ ರೇಟ್ ಟಿಕ್ ಹಾಕಿ 48000 ಬರೀರಿ. ವಿಡಿಯೋಗೆ ಹೇಗೂ 48 ಬೇಕು, ಹಾಗಾಗಿ ನಾನು 44.1 ಮುಟ್ಟೋದೇ ಬಿಟ್ಟಿದೀನಿ. 96 ಆಸೆ ಇದ್ದೋರಿಗೆ: ಒಂದು ಆಪ್ಟಿಕಲ್‌ನಲ್ಲಿ 48ಕ್ಕೆ ಎಂಟು ಚಾನೆಲ್, 96ಕ್ಕೆ ನಾಲ್ಕೇ.

ಕ್ಯಾಮೆರಾ ಮಾತ್ರ ಯಾವ ಕ್ಲಾಕಿಗೂ ಬಗ್ಗಲ್ಲ, ಅದಕ್ಕೆ ಇಂಟರ್ಫೇಸ್‌ನ ದೂರಿ ಪ್ರಯೋಜನ ಇಲ್ಲ. ಎರಡರ ನಡುವೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ವ್ಯತ್ಯಾಸ ಇದ್ರೆ ಗಂಟೆಗೆ 0.18 ಸೆಕೆಂಡು, ಮೂರು ಗಂಟೆ ಪ್ರಸಂಗಕ್ಕೆ ಅರ್ಧ ಸೆಕೆಂಡ್ ಹತ್ರ, ಕೊನೆ ಹೊತ್ತಿಗೆ ಕೃಷ್ಣನ ಬಾಯಿ ಮೊದಲು ಆಡತ್ತೆ, ಮಾತು ಆಮೇಲೆ ಬರತ್ತೆ. ಶುರುವಲ್ಲೊಂದು ಕೊನೆಯಲ್ಲೊಂದು ಚಪ್ಪಾಳೆ ಹೊಡ್ಸಿ, ರೀಪರಲ್ಲಿ ಆಲ್ಟ್ ಒತ್ತಿ ಐಟಂ ತುದಿ ಎಳೆದು ಎರಡನೇ ಚಪ್ಪಾಳೆಗೆ ಕೂರಿಸಿ.

ಅಂಗಡಿಯವ್ರು ಸಾವಿರಾರು ರೂಪಾಯಿದು ಬೇರೆ ಮಾಸ್ಟರ್ ಕ್ಲಾಕ್ ತಗೊಳ್ಳಿ ಸರ್, ಸೌಂಡ್ ಓಪನ್ ಆಗತ್ತೆ ಅಂತಾರೆ. ಎರಡು ಡಬ್ಬಕ್ಕೆ ಅದೆಲ್ಲ ಏನೂ ಬೇಡ, ಆ ದುಡ್ಡಲ್ಲಿ ಒಳ್ಳೆ ಮೈಕ್ ಸ್ಟ್ಯಾಂಡ್ ತಗೊಳ್ಳಿ.

ಐದಕ್ಕೆ ಮೂರೂವರೆ ಸ್ಟಾರ್. ಎಂಟು ಮೈಕಲ್ಲಿ ಮುಗಿಯೋ ಕೆಲ್ಸ ಆದ್ರೆ ಧೈರ್ಯವಾಗಿ ತಗೊಳ್ಳಿ, ಕ್ಲಾಕ್ ಗೋಜೇ ಬರಲ್ಲ. ಪ್ರೀಆಂಪ್ ಸೇರಿಸೋರು ತಗೊಳ್ಳೋಕೆ ಮುಂಚೆ ಅಂಗಡಿಯಲ್ಲೇ ಎಡ್ಯಾಟ್‌ಗೆ ಸೆಟ್ ಮಾಡಿ, ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ, ಸೆಟ್ಟಿಂಗ್ ಹಾಗೇ ಇದ್ರೆ ಮಾತ್ರ ದುಡ್ಡು ಕೊಡಿ.