ಮೊದಲ ಮಾಸ್ಕ್, ಮೊದಲ ಫಿನ್: ಯಾವುದನ್ನು ಕೊಳ್ಳಬೇಕು?

ದಾವಣಗೆರೆಯ ಈಜುಕೊಳದಲ್ಲಿ ಕಲಿತು ಮುಂದೆ ಮುರುಡೇಶ್ವರದ ಕಡಲಿನಲ್ಲಿ ಒಂದೇ ಉಸಿರಿಗೆ ಮುಳುಗುವ ಮನಸ್ಸಿರುವವರು ಹಣವನ್ನು ಮೊದಲು ಮಾಸ್ಕಿಗೆ ತೆಗೆದಿಡುವುದು ಒಳಿತು. ಈಜಿನ ಕನ್ನಡಕ ಮೂಗನ್ನು ಮುಚ್ಚುವುದಿಲ್ಲವಾದ್ದರಿಂದ, 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯ ಎರಡರಷ್ಟಾದಾಗ ಅದರೊಳಗೆ ಮೂಗಿನಿಂದ ಗಾಳಿ ತುಂಬಲು ದಾರಿಯೇ ಇರದೆ, ಅದು ಕಣ್ಣನ್ನೇ ಹೀರತೊಡಗುತ್ತದೆ. ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದ ಅಗಲ ಮಾಸ್ಕಿನಲ್ಲಿ ಈ ತೊಡಕಿಲ್ಲ, ಆದರೆ ಅದರ ಒಳಜಾಗ ತುಂಬಲು ಬೇಕಾದ ಗಾಳಿ ಒಂದೇ ಉಸಿರಿನಲ್ಲಿ ಮುಳುಗುವವರಿಗೆ ದುಬಾರಿ. ಒಳಜಾಗ ಕಡಿಮೆಯಿರುವ ಸಿಲಿಕೋನ್ ಮಾಸ್ಕೇ ಸರಿ. ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಬೀಳದೆ ನಿಂತರೆ ಅಳತೆ ಹೊಂದಿದೆ ಎಂದರ್ಥ (ದಪ್ಪ ಮೀಸೆಯವರಿಗೆ ಇದು ಸ್ವಲ್ಪ ಕಷ್ಟವೇ). ಇನ್ನು ಕಾಲಿಗೆ ತೊಡುವ ಈಜುರೆಕ್ಕೆಯಾದ ಫಿನ್: ಕಾರ್ಬನ್ನಿನದು ಹಗುರವಾದರೂ ಬಂಡೆಗೆ ತಗುಲಿದರೆ ಬಿರುಕು ಬಿಡಬಹುದು. ಕಲಿಯುವವರಿಗೆ ಉದ್ದನೆಯ ಪ್ಲಾಸ್ಟಿಕ್ ಸಾಕು. ಮೈ ತೇಲಿಹೋಗದಂತೆ ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟ್ ನೈಲಾನಿಗಿಂತ ರಬ್ಬರಿನದೇ ಮೇಲು, ಆಳದಲ್ಲಿ ವೆಟ್‌ಸೂಟ್ (ಮೈಗಂಟುವ ಈಜುಡುಪು) ಕುಗ್ಗಿದರೂ ಅದು ಸುಲಭವಾಗಿ ಜಾರುವುದಿಲ್ಲ. ಜೊತೆಗಾರನ ಕಣ್ಗಾವಲಿನಲ್ಲಿ ಮುಳುಗಿ ಏಳುವುದು ಕರಗತವಾಗುವವರೆಗೆ ಮೀನಿನ ಈಟಿಗನ್ನನ್ನು ಅಂಗಡಿಯಲ್ಲೇ ಬಿಡಿ.