ಡೌನ್‌ಲೋಡ್ ಅಂದ್ರ ಡೌನ್‌ಲೋಡ್ ಅಲ್ರೀ

ಇದನ್ನ ಬರೀಲಾಕ ನಾಚಿಕಿ ಬರ್ತದ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ನಂದು ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ ಅದ. ಅರ್ಜಿಯೊಳಗಿನ ಸಣ್ಣ ಅಕ್ಷರ ಓದಿ "ಇಲ್ಲಿ ಟಿಕ್ ಹಾಕಬ್ಯಾಡ್ರಿ ಕಾಕಾ" ಅಂತ ಮಂದಿಗಿ ಬುದ್ಧಿ ಹೇಳಾಂವ ನಾನು. ಅಂಥಾ ನಾನೇ ಒಂದು ಹಾಡಿನ ಆ್ಯಪ್‌ಗೆ ಮೋಸ ಹೋದೆ. ಅದರ ಹೆಸರು ಬರಿಯಂಗಿಲ್ಲ, ಕೇಳಬ್ಯಾಡ್ರಿ. ಉಳಿದವೂ ಹೆಚ್ಚು ಕಮ್ಮಿ ಅದೇ ದಾರಿಯವು.

ನನ್ನ ಕಡೆ ಒಂದು ಹಳೀ ಹಾರ್ಡ್ ಡಿಸ್ಕ್ ಇತ್ತು. ಸಿಡಿಯಿಂದ ಏರಿಸಿದ್ದು, ರೊಕ್ಕ ಕೊಟ್ಟು ತೊಗೊಂಡಿದ್ದು, ಒಂದಿಷ್ಟು ಬಸ್ ಸ್ಟ್ಯಾಂಡ್ ಕಡೆ ಮೆಮೊರಿ ಕಾರ್ಡ್ ತುಂಬಿಸಿಕೊಂಡಿದ್ದು, ಸುಳ್ಳು ಯಾಕ ಹೇಳ್ಲಿ. ಅದರಾಗೇ ನಮ್ಮಪ್ಪನ 22 ಕ್ಯಾಸೆಟ್. ಶ್ರಾವಣದಾಗ ಊರ ಗುಡಿಯ ಭಜನಿ, ತತ್ವಪದ, ಮೊಹರಂ ಪದ, ಆಕಾಶವಾಣಿ ಹಚ್ಚಿ ಟೇಪಿಗಿ ಹಿಡಿದಿದ್ದು. 2011ರಾಗ ಟೇಪಿಗಿ ವೈರ್ ಸಿಗಿಸಿ ಎಲ್ಲಾ ಕಂಪ್ಯೂಟರಿಗಿ ಇಳಿಸಿದ್ದೆ. ಒಂದು ತಾಸಿನ ಕ್ಯಾಸೆಟ್ಟಿಗಿ ಪೂರಾ ಒಂದು ತಾಸು ಕುಂದರಬೇಕು, ಅವಸರ ನಡಿಯಂಗಿಲ್ಲ. 7ನೇ ಕ್ಯಾಸೆಟ್ಟಿನ ಬಿ ಬದಿಗಿ, ಪದ ನಡದಾಗೇ, ಅಪ್ಪ "ದೀಪಕ್ಕ ಎಣ್ಣಿ ಹಾಕ್ರೋ" ಅನ್ನೋದು ಕೇಳಸ್ತದ. ಅಪ್ಪ ತೀರಿಕೊಂಡ ಮ್ಯಾಲ ಅವ್ವ ಹಾಡು ಕೇಳೋದಕ್ಕಿಂತ ಆ ಎಣ್ಣಿ ಮಾತು ಕೇಳ್ತಿದ್ಲು.

ಮೂರು ತಿಂಗಳು ಪುಕ್ಕಟೆ, ಆಮ್ಯಾಲ ತಿಂಗಳಿಗಿ ನೂರು ರೂಪಾಯಿ ಆಸುಪಾಸು ಅಂದ್ರು. ಹಚ್ಚಿದೆ. ಖರೇ ಹೇಳ್ತೀನಿ, ಮೊದಲ ವಾರ ಸ್ವರ್ಗ. ಬಾಣ ಒತ್ತಿದ್ರ ಹಸಿರು ಗುರುತು ಬರ್ತದ, ಡೌನ್‌ಲೋಡ್ ಆಯ್ತು ಅಂತದ. ಡಿಸ್ಕಿನಾಗಿನ ಹಾಡು ಮುಕ್ಕಾಲು ಪಾಲು ಅಲ್ಲೇ ಸಿಕ್ವು. ಸಿಗದಿದ್ದವು ಅಪ್ಪನ ಕ್ಯಾಸೆಟ್. ಅದಕ್ಕೂ ಒಂದು ದಾರಿ ಇತ್ತು: ನಿಮ್ಮ ಕಂಪ್ಯೂಟರಿನ ಫೈಲ್ ತೋರಸ್ರಿ, ಪಟ್ಟಿಗಿ ಸೇರಸ್ರಿ. ಸೇರಿಸಿದೆ. ನಾನೇ ಟೈಪ್ ಮಾಡಿದ ಹೆಸರು, "ಅಪ್ಪ ಕ್ಯಾಸೆಟ್ 7 ಬಿ", ಪಟ್ಟಿಯೊಳಗ ಚಂದಾಗಿ ಕುಂತವು. ಒತ್ತಿದೆ, ಹಾಡ್ತು! ಮುಗೀತಲ್ಲ, ಆ್ಯಪ್‌ನವರ ಕಡೆ ಏರ್ಯಾವ ಅಂದ್ಕೊಂಡೆ. ಹಾರ್ಡ್ ಡಿಸ್ಕ್ ಅಕ್ಕನ ಮಗನಿಗಿ ಕೊಟ್ಟೆ. ಆಂವ ಅವತ್ತೇ ಫಾರ್ಮ್ಯಾಟ್ ಹೊಡೆದು ಸಿನಿಮಾ ತುಂಬಿದ.

ನಾಕನೇ ತಿಂಗಳು ಅಪ್ಪನ ವರ್ಷದ ಕಾರ್ಯ. ಅಕ್ಕನ ಊರು ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ. ಗಾಡಿ ತುಂಬಾ ಮಂದಿ. ಮಾವ ಮುಂದಿನ ಸೀಟಿನಾಗ ಕುಂತು "ಹಚ್ಚಪಾ ನಿಮ್ಮಪ್ಪನ ಭಜನಿ" ಅಂದ್ರು. ನಾನು ಡೌಲಿನಿಂದ ಫೋನ್ ತೆಗೆದೆ. "ನಿಮ್ಮ ಪ್ಲಾನ್ ಮುಗಿದಿದೆ." ಅಷ್ಟೇ. ಆಟೋಪೇ ಇಟ್ಟಿದ್ದ ಖಾತೆಯಾಗ 61 ರೂಪಾಯಿ ಇತ್ತು. ರೊಕ್ಕ ಕಡಿಯೋ 24 ತಾಸು ಮೊದಲು ಮೆಸೇಜ್ ಕಳಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಅದ, ಅವರು ಕಳಿಸಿದ್ರು, ನಾನೇ ನೋಡಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರ ಡೌನ್‌ಲೋಡ್ ಮಾಡಿಟ್ಟ ಹಾಡು? ನನ್ನ ಫೋನಿನಾಗೇ ಕುಂತವು, ನನ್ನ ಫೋನಿನ ಜಾಗಾನೇ ತಿಂದವು, ನನಗೇ ಹಾಡಂಗಿಲ್ಲ! ಅದು ಫೈಲೇ ಅಲ್ರೀ. ಬೀಗ ಹಾಕಿದ ಪೆಟಗಿ. ಪೆನ್ ಡ್ರೈವಿಗಿ ಹೋಗಂಗಿಲ್ಲ, ಗಾಡಿಯ ಯುಎಸ್‌ಬಿಗಿ ನಡಿಯಂಗಿಲ್ಲ, ಆ ಆ್ಯಪ್ ಬಿಟ್ರ ಇನ್ನೊಂದು ಪ್ಲೇಯರಿಗಿ ಅದು ಏನಂತನೇ ತಿಳಿಯಂಗಿಲ್ಲ. ರೊಕ್ಕ ಕಟ್ಟಿದ್ರೂ ತಿಂಗಳಿಗೊಮ್ಮೆ ಇಂಟರ್ನೆಟ್ಟಿಗಿ ಹೋಗಿ ಹಾಜರಿ ಹಾಕಬೇಕು, ಇಲ್ಲಂದ್ರ ಮತ್ತ ಬೀಗ.

ಗಾಡಿ ಹಿಂದಕ್ಕ ಹೊಳ್ಳಿಸಿ, ನೆಟ್‌ವರ್ಕ್ ಸಿಕ್ಕಲ್ಲಿ ನಿಲ್ಲಿಸಿ ರೊಕ್ಕ ಕಟ್ಟಿದೆ. ಸಿನಿಮಾ ಹಾಡೆಲ್ಲಾ ತಿರುಗಿ ಬಂದವು. "ಅಪ್ಪ ಕ್ಯಾಸೆಟ್ 7 ಬಿ" ಬರಲಿಲ್ಲ. ಹೆಸರು ಅದ, ಬೂದು ಬಣ್ಣ. ಒತ್ತಿದೆ. ಮತ್ತ ಒತ್ತಿದೆ. 1 ಎ ಯಿಂದ 22 ಬಿ ತನಕ ಎಲ್ಲಾ ಬೂದಿ. ಮಾವ ಏನೂ ಅನಲಿಲ್ಲ, ಕಿಟಕಿ ಕಡೆ ನೋಡಿದ್ರು. ಅವ್ವ ಹಿಂದಿನ ಸೀಟಿನಿಂದ "ಬಿಡಪಾ, ನೆಟ್ ಇಲ್ಲೇನೋ" ಅಂದ್ಲು. ನೆಟ್ ಇತ್ತು.

ಊರಿಗಿ ಬಂದು ಆ್ಯಪ್‌ನವರ ಜೋಡಿ ಚಾಟ್‌ಗೆ ಕುಂತೆ. ಅವರು ಇಂಗ್ಲಿಷಿನಾಗ ಬರೆದಿದ್ದು, ಕನ್ನಡದಾಗ ಹೇಳ್ತೀನಿ. ಮೊದಲು, ನಿಮ್ಮ ಅನುಭವ ನಮಗೆ ಮುಖ್ಯ. ಆಮ್ಯಾಲ, ಆ್ಯಪ್ ತೆಗೆದು ಮತ್ತೆ ಹಾಕಿ ನೋಡಿ. ತೆಗೆದು ಹಾಕಿದೆ, ಡೌನ್‌ಲೋಡ್ ಮಾಡಿದ್ದೆಲ್ಲಾ ಮೊದಲಿಂದ ಇಳಿಸಬೇಕಾಯ್ತು, ಡೇಟಾ ಖಾಲಿ. ನಾಕು ಸಲ ಕೇಳಿದ ಮ್ಯಾಲ ಉತ್ತರ ಬಂತು: "ನಿಮ್ಮ ಸ್ವಂತ ಫೈಲ್‌ಗಳನ್ನು ನಾವು ಸಂಗ್ರಹಿಸುವುದಿಲ್ಲ. ಅವು ನಿಮ್ಮ ಸಾಧನದಲ್ಲೇ ಇರುತ್ತವೆ."

ನಾನು: ಮತ್ತ ನಿಮ್ಮ ಪಟ್ಟಿಯೊಳಗ ಹೆಸರು ಯಾಕ ತೋರಸ್ತೀರಿ?

ಅವರು: "ಅದು ನಿಮ್ಮ ಅನುಕೂಲಕ್ಕಾಗಿ."

ನನ್ನ ಅನುಕೂಲಕ್ಕ! ಅಂದ್ರ ಅವತ್ತು ಹಾಡಿದ್ದು ಅವರ ಆ್ಯಪ್ ಅಲ್ಲ, ನನ್ನ ಡಿಸ್ಕೇ ಹಾಡಿತ್ತು. ಅವರು ಬರೀ ಹೆಸರು ಬರ್ಕೊಂಡಿದ್ರು. ನಾನು "ಅದು ನಮ್ಮಪ್ಪನ ದನಿರೀ, ಎಲ್ಲೂ ಸಿಗಂಗಿಲ್ಲ" ಅಂತ ಬರೆದೆ. ಬಂದ ಉತ್ತರ: "ಅರ್ಥವಾಗುತ್ತದೆ. ಇದೇ ರೀತಿಯ ಹಾಡುಗಳು ನಿಮಗೆ ಇಷ್ಟವಾಗಬಹುದು." ಕೆಳಗ ಡಿಜೆ ಭಕ್ತಿ ರೀಮಿಕ್ಸ್. ಅದರ ಕೆಳಗ, ಐದರಾಗ ಎಷ್ಟು ನಕ್ಷತ್ರ ಕೊಡ್ತೀರಿ?

ಸಿನಿಮಾ ಹಾಡೂ ಗ್ಯಾರಂಟಿ ಇಲ್ಲ ಮತ್ತ. ಹಾಡಿನ ಕಂಪನಿಗೂ ಆ್ಯಪ್‌ಗೂ ಕರಾರು ಮುಗೀತಂದ್ರ ನಿಮ್ಮ ಪಟ್ಟಿಯಿಂದ ರಾತ್ರೋರಾತ್ರಿ ಮಾಯ. ಆ್ಯಪೇ ಮುಚ್ಚಿದ್ರ? ರೆಸ್ಸೊ 2024ರ ಜನವರಿ 31ಕ್ಕ ನಮ್ಮ ದೇಶದಾಗ ಬಂದಾಯ್ತು, ಅದೇ ವರ್ಷ ವಿಂಕ್ ಮ್ಯೂಸಿಕ್ ಹೋಯ್ತು. ವರ್ಷಗಟ್ಟಲೆ ಪಟ್ಟಿ ಕೂಡಿಸಿಟ್ಟವರು ಬಾಯಿ ಬಾಯಿ ಬಿಟ್ರು. ನಾನು ಅವತ್ತು ಅವರನ್ನ ನೋಡಿ ನಕ್ಕಿದ್ದೆ.

ಕೇಳ್ರಿ, ಆ್ಯಪ್ ಹಚ್ಚಿಕೊಳ್ರಿ, ಬ್ಯಾಡ ಅನ್ನಂಗಿಲ್ಲ, ನಾನೂ ಇನ್ನೂ ಕಟ್ಟಾಕತ್ತೀನಿ, ಮಗಳು ಬಿಡಂಗಿಲ್ಲ. ಆದ್ರ ಅದು ಬಾಡಿಗಿ ಮನಿ. ನಿಮ್ಮ ಸ್ವಂತ ಫೈಲ್ ಒಂದೂ ಅಳಿಸಬ್ಯಾಡ್ರಿ, ಎರಡು ಕಡೆ ಇಡ್ರಿ, ಅಳಿಯಂದಿರ ಕೈಗಿ ಮಾತ್ರ ಕೊಡಬ್ಯಾಡ್ರಿ. ಫ್ಯಾಮಿಲಿ ಪ್ಲಾನ್ ಅಂತ ಬೀದರಿನ ತಮ್ಮನ್ನ ಸೇರಿಸೋ ಮೊದಲು ಓದ್ರಿ, ಒಂದೇ ಮನಿ ವಿಳಾಸ ಕೇಳ್ತಾರ. ಬ್ಯಾಡಾದ್ರ ಆ್ಯಪ್ ಅಳಿಸಿದ್ರ ಸಾಲಂಗಿಲ್ಲ, ಯುಪಿಐಯೊಳಗ ಹೋಗಿ ಆಟೋಪೇ ರದ್ದು ಮಾಡ್ರಿ. ರೊಕ್ಕದ ತಕರಾರಿಗಿ ಗ್ರಾಹಕ ಸಹಾಯವಾಣಿ 1915 ಅದ. ನಂದು ರೊಕ್ಕದ ತಕರಾರಲ್ಲ, ಅಲ್ಲಿ ಏನಂತ ಹೇಳ್ಲಿ.

ಡಿಸ್ಕ್ ರಿಕವರಿಗಿ ಕೊಟ್ಟೆ. ಸಿನಿಮಾದ ಕೆಳಗ ಮುಚ್ಚಿಹೋಗ್ಯಾವ, ತುಂಡು ತುಂಡು ಸಿಕ್ಕಾವ, ಒಂದೂ ಪೂರಾ ಇಲ್ಲ.

ಅಟ್ಟದ ಮ್ಯಾಲ ಟ್ರಂಕಿನಾಗ ಕ್ಯಾಸೆಟ್ ಇನ್ನೂ ಅವ. 22ರಾಗ 5ಕ್ಕ ಬೂಷ್ಟು ಹಿಡದದ, 7ನೇದ್ದು ಕಣ್ಣಿಗಿ ಚಲೋ ಕಾಣ್ತದ. ಟೇಪ್ ರೆಕಾರ್ಡರಿನ ಬೆಲ್ಟ್ ಹರದದ, ಹೆಡ್ಡಿಗಿ ತುಕ್ಕು. ಕಲಬುರಗಿಯೊಳಗ, ಇಲ್ಲ ಶಹಾಬಾದ್, ಸೇಡಂ, ಬೀದರ್ ಎಲ್ಲೇ ಇರ್ಲಿ, ಟೇಪ್ ರಿಪೇರಿ ಮಾಡೋರು ಯಾರರೆ ಇನ್ನೂ ಅಂಗಡಿ ತೆರೀತಾರಂದ್ರ ತಿಳಸ್ರಿ. ನಾನೇ ಹೊತ್ಕೊಂಡು ಬರ್ತೀನಿ.