ಕಂಪನಿ ಆ್ಯಪ್ ನಿಲ್ಲಿಸಿದರೆ ನಿಮ್ಮ ಯೂನಿವರ್ಸಲ್ ರಿಮೋಟ್ ಗತಿ ಏನು?

ಹೋಮ್ ಥಿಯೇಟರ್‌ಗೆ ಯೂನಿವರ್ಸಲ್ ರಿಮೋಟ್, ಅಂದರೆ ಎಲ್ಲಾ ಸಾಧನಗಳಿಗೂ ಒಂದೇ ರಿಮೋಟ್, ಕೊಳ್ಳಬೇಕು ಅಂತಿದ್ದರೆ, ಬಟನ್ ಎಷ್ಟಿವೆ, ಸ್ಕ್ರೀನ್ ಹೇಗಿದೆ ಅಂತ ನೋಡುವ ಮುಂಚೆ ಒಂದು ವಿಷಯ ವಿಚಾರಿಸಿ. ನೀವು ಕೂತು ಮಾಡುವ ಪ್ರೋಗ್ರಾಮಿಂಗ್ ಎಲ್ಲಿ ಉಳಿಯುತ್ತದೆ? ರಿಮೋಟ್ ಒಳಗೋ, ಕಂಪನಿಯ ಸರ್ವರ್‌ನಲ್ಲೋ? ನಮ್ಮ ಮನೆಯ ದುಬಾರಿ ರಿಮೋಟ್ ಮೂಲೆ ಸೇರಿದ್ದು ಇದೇ ಕಾರಣಕ್ಕೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಪ್ರೊಜೆಕ್ಟರ್, ಎವಿ ರಿಸೀವರ್ (ಸ್ಪೀಕರ್‌ಗಳಿಗೆ ಸೌಂಡ್ ಕಳಿಸುವ ಪೆಟ್ಟಿಗೆ), ಬ್ಲೂ-ರೇ ಪ್ಲೇಯರ್, ಒಂದು ಸ್ಟ್ರೀಮಿಂಗ್ ಸ್ಟಿಕ್ ಇವೆ. ಒಂದೊಂದಕ್ಕೂ ಒಂದೊಂದು ರಿಮೋಟ್. ಅಮ್ಮ ಒಬ್ಬರೇ ಇದ್ದಾಗಲೂ ಒಂದೇ ಬಟನ್ ಒತ್ತಿ ಸಿನಿಮಾ ಹಾಕಿಕೊಳ್ಳಲಿ ಅಂತ ಒಳ್ಳೆಯ ರಿಮೋಟನ್ನೇ ತಂದೆವು. ಅದರ ಪ್ರೋಗ್ರಾಮಿಂಗ್ ಎಲ್ಲಾ ಫೋನಿನ ಆ್ಯಪ್‌ನಲ್ಲಿ. ಲಾಗಿನ್ ಆಗಿ, ಮಾಡೆಲ್ ನಂಬರ್ ಕೊಟ್ಟರೆ ಸರ್ವರ್‌ನಿಂದ ಕೋಡ್‌ಗಳು, ಅಂದರೆ ಆ ಸಾಧನಕ್ಕೆ ಅರ್ಥವಾಗುವ ಸಿಗ್ನಲ್‌ಗಳು, ರಿಮೋಟ್‌ಗೆ ಇಳಿಯುತ್ತಿದ್ದವು. ತುಂಬಾ ಸಲೀಸಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಕಂಪನಿ ಆ ಆ್ಯಪ್ ನಿಲ್ಲಿಸಿತು. ರಿಮೋಟ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಳೇ ರಿಸೀವರ್ ಕೆಟ್ಟು ಹೊಸದು ಬಂದಾಗ ಕಷ್ಟ ಶುರುವಾಯಿತು. ಹೊಸದರ ಕೋಡ್ ಸೇರಿಸಲು ದಾರಿಯೇ ಇಲ್ಲ. ಮೂಲ ರಿಮೋಟ್‌ನಿಂದ ಸಿಗ್ನಲ್ ಕಲಿಯುವ ಸೌಲಭ್ಯ ಇತ್ತು, ಅದೂ ಆ್ಯಪ್ ಮೂಲಕವೇ ಶುರುವಾಗಬೇಕು! ಸಹಾಯವಾಣಿಯವರು ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ ಅಂದರು. ಅವರು ಹೇಳಿದ ಹಾಗೇ ಮಾಡಿದ್ದಕ್ಕೆ ಪ್ರೊಜೆಕ್ಟರ್, ಪ್ಲೇಯರ್ ಕೋಡ್‌ಗಳೂ ಅಳಿಸಿಹೋದವು. ಈಗ ಆನ್ ಮಾಡಿದರೆ ಆ್ಯಪ್‌ಗೆ ಕನೆಕ್ಟ್ ಮಾಡಿ ಅನ್ನುವ ಒಂದು ಸಾಲು ಬರುತ್ತದೆ, ಅಷ್ಟೇ. ಬಟನ್ ಸವೆದಿಲ್ಲ, ಮುಂದಿನ ಎಲ್‌ಇಡಿ ಕೆಟ್ಟಿಲ್ಲ. ಹಾರ್ಡ್‌ವೇರ್ ಪೂರ್ತಿ ಸರಿಯಿದ್ದೂ ಪ್ರಯೋಜನಕ್ಕಿಲ್ಲ. ನನಗೆ ಇದು ತೀರಾ ಅನ್ಯಾಯ ಅನ್ನಿಸುತ್ತದೆ.

ಇದು ಎಲ್ಲೋ ಅಪರೂಪಕ್ಕೆ ಆಗುವ ವಿಷಯವಲ್ಲ. 2017ರ ನವೆಂಬರ್‌ನಲ್ಲಿ ಲಾಜಿಟೆಕ್ ಕಂಪನಿ ಹಾರ್ಮನಿ ಲಿಂಕ್ ಅನ್ನುವ, ಫೋನನ್ನೇ ರಿಮೋಟ್ ಮಾಡಿಕೊಳ್ಳುವ ತನ್ನ ಸಾಧನದ ಸೇವೆಯನ್ನು 2018ರ ಮಾರ್ಚ್‌ಗೆ ನಿಲ್ಲಿಸುವುದಾಗಿ ಹೇಳಿತ್ತು. ಕೊಂಡವರು ಸಿಟ್ಟಿಗೆದ್ದ ಮೇಲೆ ಬದಲಿಗೆ ಅದೇ ಥರದ ಇನ್ನೊಂದು ಸಾಧನವಾದ ಹಾರ್ಮನಿ ಹಬ್ ಅನ್ನು ಉಚಿತವಾಗಿ ಕೊಡಲು ಒಪ್ಪಿತು. 2021ರಲ್ಲಿ ಹಾರ್ಮನಿ ರಿಮೋಟ್‌ಗಳ ತಯಾರಿಕೆಯನ್ನೇ ನಿಲ್ಲಿಸಿತು. ಬಳಸುತ್ತಿರುವವರಿಗೆ ಸರ್ವರ್, ಕೋಡ್‌ಗಳ ಬೆಂಬಲ ಮುಂದುವರಿಸುತ್ತೇವೆ ಅಂತಲೂ ಹೇಳಿತು, ಅದು ಒಳ್ಳೆಯದೇ. ಆದರೆ ಇಂಥ ರಿಮೋಟನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಭರವಸೆಯನ್ನೂ ಸೇರಿಸಿಯೇ ಕೊಳ್ಳುತ್ತಿದ್ದಾರೆ ಅನ್ನುವುದು ಗೊತ್ತಿರಲಿ.

ಹಾಗಾಗಿ ದುಡ್ಡು ಕೊಡುವ ಮುಂಚೆ ಮ್ಯಾನುವಲ್ ಇಳಿಸಿಕೊಂಡು ಓದಿ. ಸೆಟಪ್ ಬಟನ್ ಒತ್ತಿ ಹಿಡಿದು, ರಿಮೋಟ್‌ನ ಅಂಕಿಗಳಿಂದಲೇ ಕೋಡ್ ಹಾಕಲು ಬರುತ್ತದಾ? ಲರ್ನಿಂಗ್, ಅಂದರೆ ಮೂಲ ರಿಮೋಟ್‌ನಿಂದ ಸಿಗ್ನಲ್ ಕಲಿಯುವುದು, ಆ್ಯಪ್ ಇಲ್ಲದೆ ನಡೆಯುತ್ತದಾ? ಕಂಪ್ಯೂಟರ್ ಸಾಫ್ಟ್‌ವೇರ್ ಇದ್ದರೆ ಇಂಟರ್ನೆಟ್ ಇಲ್ಲದೆ ತೆರೆಯುತ್ತದಾ, ಸೆಟ್ಟಿಂಗ್ ಫೈಲನ್ನು ನಮ್ಮ ಹತ್ತಿರ ಇಟ್ಟುಕೊಳ್ಳಬಹುದಾ? ಬ್ಯಾಟರಿ ತೆಗೆದರೆ ಕೋಡ್ ಮರೆಯುವ ಹಳೇ ರಿಮೋಟ್‌ಗಳೂ ಇವೆ, ಅದನ್ನೂ ನೋಡಿಕೊಳ್ಳಿ. ಈ ಪ್ರಶ್ನೆಗಳಿಗೆ ಮ್ಯಾನುವಲ್‌ನಲ್ಲಿ ಉತ್ತರವೇ ಸಿಗದಿದ್ದರೆ ನಾನಂತೂ ಆ ರಿಮೋಟ್ ಮುಟ್ಟುವುದಿಲ್ಲ.

ಎರಡನೆಯ ತಲೆನೋವು ಪವರ್ ಬಟನ್. ಹೆಚ್ಚಿನ ರಿಮೋಟ್‌ಗಳಲ್ಲಿ ಪವರ್ ಅನ್ನುವುದು ಟಾಗಲ್. ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್. ಎಲ್ಲಾ ಒಟ್ಟಿಗೆ ಆನ್ ಆಗಲಿ ಅಂತ ಮ್ಯಾಕ್ರೊ (ಒಂದೇ ಬಟನ್‌ಗೆ ಸಾಲಾಗಿ ಹಲವು ಸಿಗ್ನಲ್) ಮಾಡಿದ್ದೀರಿ, ಯಾರೋ ರಿಸೀವರನ್ನು ಮೊದಲೇ ಆನ್ ಮಾಡಿಟ್ಟಿದ್ದಾರೆ ಅಂದುಕೊಳ್ಳಿ. ಬಟನ್ ಒತ್ತಿದರೆ ಪ್ರೊಜೆಕ್ಟರ್ ಆನ್, ರಿಸೀವರ್ ಆಫ್. ಮತ್ತೆ ಒತ್ತಿದರೆ ಉಲ್ಟಾ. ಇದಕ್ಕೆ ಮದ್ದು ಡಿಸ್ಕ್ರೀಟ್ ಕೋಡ್, ಅಂದರೆ ಆನ್‌ಗೇ ಬೇರೆ, ಆಫ್‌ಗೇ ಬೇರೆ ಸಿಗ್ನಲ್. ಮೂಲ ರಿಮೋಟ್‌ನಲ್ಲಿ ಅಂಥ ಬಟನ್ ಇಲ್ಲದಿದ್ದರೂ ಎಷ್ಟೋ ರಿಸೀವರ್‌ಗಳು ಆ ಸಿಗ್ನಲ್ ಅರ್ಥ ಮಾಡಿಕೊಳ್ಳುತ್ತವೆ. ಬಟನ್ನೇ ಇಲ್ಲದ ಮೇಲೆ ಅದನ್ನು ಲರ್ನಿಂಗ್‌ನಿಂದ ಕಲಿಸಲು ಬರುವುದಿಲ್ಲ, ಕೋಡ್ ಪಟ್ಟಿಯಲ್ಲೇ ಸಿಗಬೇಕು. ಪ್ರೊಜೆಕ್ಟರ್ ಇದ್ದವರು ಇನ್ನೊಂದು ಗಮನಿಸಿ. ಎಷ್ಟೋ ಪ್ರೊಜೆಕ್ಟರ್‌ಗಳು ಆಫ್ ಆಗಲು ಪವರ್ ಎರಡು ಸಲ ಒತ್ತಬೇಕು. ಮ್ಯಾಕ್ರೊದಲ್ಲಿ ಎರಡು ಸಲ ಹಾಕಿ, ನಡುವೆ ಸ್ವಲ್ಪ ಬಿಡುವು ಕೊಡಲು ಆಗುತ್ತದಾ ನೋಡಿ.

ಮ್ಯಾಕ್ರೊ ಮುಗಿಯುವವರೆಗೂ ರಿಮೋಟನ್ನು ಸಾಧನಗಳ ಕಡೆಗೇ ಹಿಡಿದಿರಬೇಕು. ಇನ್‌ಫ್ರಾರೆಡ್ ಬೆಳಕು ತಾನೇ, ಅಡ್ಡ ಏನಾದರೂ ಬಂದರೆ ಮುಟ್ಟುವುದಿಲ್ಲ. ಅಮ್ಮ ಬಟನ್ ಒತ್ತಿ ತಕ್ಷಣ ರಿಮೋಟನ್ನು ಸೋಫಾ ಮೇಲೆ ಇಡುತ್ತಿದ್ದರು. ಪ್ರೊಜೆಕ್ಟರ್ ಆನ್ ಆಗುತ್ತಿತ್ತು, ಇನ್‌ಪುಟ್ ಮಾತ್ರ ಬದಲಾಗುತ್ತಿರಲಿಲ್ಲ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಹಬ್ ಅಥವಾ ಐಆರ್ (ಇನ್‌ಫ್ರಾರೆಡ್) ಬ್ಲಾಸ್ಟರ್, ಅಂದರೆ ಸಾಧನಗಳ ಹತ್ತಿರವೇ ಕೂತು ಸಿಗ್ನಲ್ ಕಳಿಸುವ ಪೆಟ್ಟಿಗೆ, ಇರುವಂಥದ್ದೇ ವಾಸಿ. ಆದರೆ ಆ ಹಬ್ ಕೂಡ ಕಂಪನಿಯ ಸರ್ವರ್ ಇಲ್ಲದೆ ಮನೆಯ ವೈಫೈನಲ್ಲೇ ಕೆಲಸ ಮಾಡುತ್ತದಾ ಅಂತ ಮೊದಲೇ ಕೇಳಿ.

ಇನ್ನು ಬ್ಲೂಟೂತ್. ಫೈರ್ ಟಿವಿ ಸ್ಟಿಕ್, ಪ್ಲೇಸ್ಟೇಷನ್ 5 ಇವಕ್ಕೆ ಇನ್‌ಫ್ರಾರೆಡ್ ಕಣ್ಣೇ ಇಲ್ಲ, ರಿಮೋಟ್ ಜೊತೆ ಬ್ಲೂಟೂತ್‌ನಲ್ಲಿ ಮಾತಾಡುತ್ತವೆ. ಬರೀ ಐಆರ್ ಇರುವ ಯೂನಿವರ್ಸಲ್ ರಿಮೋಟ್‌ಗೆ ಎಷ್ಟೇ ಕಲಿಸಿದರೂ ಇವು ಅದರ ಮಾತು ಕೇಳುವುದಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೂಲ ರಿಮೋಟನ್ನು ಫೋನಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ. ತುದಿಯಲ್ಲಿ ನೇರಳೆ ಅಥವಾ ಬಿಳಿ ಬೆಳಕು ಮಿನುಗಿದರೆ ಅದು ಇನ್‌ಫ್ರಾರೆಡ್. ಒಂದೇ ಬಟನ್ ನೋಡಿ ತೀರ್ಮಾನ ಮಾಡಬೇಡಿ. ಸ್ಟಿಕ್‌ನ ರಿಮೋಟ್‌ನಲ್ಲಿ ವಾಲ್ಯೂಮ್ ಒತ್ತಿದರೆ ಬೆಳಕು ಬರಬಹುದು, ಬಾಣದ ಬಟನ್ ಒತ್ತಿದರೆ ಬರುವುದಿಲ್ಲ. ವಾಲ್ಯೂಮ್ ಹೋಗುವುದು ಟಿವಿಗೆ ಅಥವಾ ಸೌಂಡ್‌ಬಾರ್‌ಗೆ, ಬಾಣದ ಬಟನ್ ಮಾತಾಡುವುದು ಸ್ಟಿಕ್ ಜೊತೆ. ಕೆಲವು ಫೋನ್‌ಗಳು ಈ ಬೆಳಕನ್ನು ಸೋಸಿಬಿಡುತ್ತವೆ. ಅದಕ್ಕೇ ಮೊದಲು ಯಾವುದಾದರೂ ಹಳೇ ಟಿವಿ ರಿಮೋಟ್‌ನಿಂದ ನಿಮ್ಮ ಕ್ಯಾಮೆರಾ ಪರೀಕ್ಷಿಸಿಕೊಳ್ಳಿ.

ನಿಮ್ಮಲ್ಲಿರುವುದು ಬರೀ ಟಿವಿ ಮತ್ತು ಸೌಂಡ್‌ಬಾರ್ ಆಗಿದ್ದರೆ ಈ ರಿಮೋಟ್ ಬೇಡವೇ ಬೇಡ ಅಂತ ನನ್ನ ಅನಿಸಿಕೆ. ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ-ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್ ಮೂಲಕವೇ ಒಂದು ಸಾಧನ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ, ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್ ಅನ್ನುವುದು ಇದಕ್ಕೇ. ಸಾಮಾನ್ಯವಾಗಿ ಟಿವಿ ರಿಮೋಟ್ ಒಂದರಲ್ಲೇ ಎರಡೂ ಆನ್ ಆಫ್ ಆಗುತ್ತವೆ, ವಾಲ್ಯೂಮೂ ಬರುತ್ತದೆ. ಯೂನಿವರ್ಸಲ್ ರಿಮೋಟ್ ಇದ್ದೇ ಇದೆ ಅಂದರೆ ಸಿಇಸಿ ಜೊತೆ ಹುಷಾರು. ಟಿವಿ ಆನ್ ಆದ ಕೂಡಲೇ ಸಿಇಸಿ ರಿಸೀವರನ್ನು ಆನ್ ಮಾಡುತ್ತದೆ, ಹಿಂದೆಯೇ ಮ್ಯಾಕ್ರೊದ ಟಾಗಲ್ ಬಂದು ಅದನ್ನು ಆಫ್ ಮಾಡಿಬಿಡುತ್ತದೆ. ಕಾರಣ ಗೊತ್ತಿಲ್ಲದವರು ರಿಸೀವರ್ ಕೆಟ್ಟಿದೆ ಅಂತ ರಿಪೇರಿಗೆ ಕೊಡುವುದೂ ಉಂಟು.

ನಾವು ಈಗ ಬಳಸುತ್ತಿರುವುದು ಆ್ಯಪ್ ಬೇಡದ ಸಾದಾ ಲರ್ನಿಂಗ್ ರಿಮೋಟ್. ಸ್ಕ್ರೀನ್ ಇಲ್ಲ, ಸ್ಟಿಕ್‌ಗೆ ಅದರದೇ ರಿಮೋಟ್ ಬೇಕು. ಉಳಿದ ಮೂರಕ್ಕೂ ಸಾಕು. ಮೂಲ ರಿಮೋಟ್‌ಗಳನ್ನು ಮಾತ್ರ ದಯವಿಟ್ಟು ಯಾರೂ ಎಸೆಯಬೇಡಿ. ಬ್ಯಾಟರಿ ಸೋರದ ಹಾಗೆ ತೆಗೆದು, ಯಾವುದು ಯಾವುದರದು ಅಂತ ಚೀಟಿ ಅಂಟಿಸಿ ಇಡಿ. ಮುಂದೆ ಇನ್ನೊಂದು ರಿಮೋಟ್‌ಗೆ ಕಲಿಸಬೇಕಾದರೆ ಅವೇ ಬೇಕು.